ಟೇಬಲ್ಲಿಗೆ ಬೈಯಬೇಡಿ, ಅದರಲ್ಲಿ ಪುಟ ಮಾತ್ರ ಕಟ್ಟಬೇಡಿ

ಕಳೆದ ಮೇ ತಿಂಗಳಲ್ಲಿ ಒಬ್ಬ ತಾಯಿ ಫೋನ್ ಮಾಡಿದ್ದರು. "ಟೀಚರೇ, ನಿಮ್ಮ ಶಾಲೆಯಲ್ಲಿ ಈಗ ಕನ್ನಡ ಮೀಡಿಯಂ ಇಲ್ವಾ?" ಎಂದು ಕೇಳಿದರು. ನನಗೆ ಗಾಬರಿಯಾಯಿತು. ಯಾಕೆ ಹಾಗೆ ಕೇಳಿದಿರಿ ಅಂದೆ. "ಶಾಲೆಯ ವೆಬ್‌ಸೈಟ್ ನೋಡಿದೆ. ಅಡ್ಮಿಶನ್ನಿನ ನೋಟೀಸು ಮಲಯಾಳದಲ್ಲಿ ಮಾತ್ರ ಉಂಟು. ಕನ್ನಡ ನಿಲ್ಲಿಸಿದ್ರೇನೋ ಅಂತ ಕೇಳಿದ್ದು" ಅಂದರು.

ನಿಂತಿಲ್ಲ, ಮಗುವನ್ನು ಕರೆದುಕೊಂಡು ಬನ್ನಿ ಎಂದು ಹೇಳಿ, ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಎಡಕ್ಕೆ ಮೆನು, ನಡುವೆ ಮಲಯಾಳದ ನೋಟೀಸು, ಬಲಕ್ಕೆ ಕನ್ನಡದ ನೋಟೀಸು. ಆಮೇಲೆ ಅದೇ ಪುಟವನ್ನು ನನ್ನ ಫೋನಿನಲ್ಲಿ ತೆರೆದೆ. ಮೆನು ಕಾಣಿಸಿತು, ಮಲಯಾಳದ ನೋಟೀಸು ಅರ್ಧ ಕಾಣಿಸಿತು. ಕನ್ನಡ ಇಲ್ಲವೇ ಇಲ್ಲ! ಬೆರಳಿನಿಂದ ಪುಟವನ್ನು ಎಡಕ್ಕೆ ಎಳೆದರೆ, ಇನ್ನೂ ಎಳೆದರೆ, ಆಗ ಕನ್ನಡ ಬರುತ್ತದೆ. ಅಲ್ಲಿ ಕನ್ನಡ ಇದೆ ಎಂದು ಗೊತ್ತಿದ್ದವರು ಮಾತ್ರ ಎಳೆದು ನೋಡಿಯಾರು.

ನಮ್ಮ ಕಾಸರಗೋಡಿನ ಕಡೆಯ ಶಾಲೆಗಳ ಸಂಗತಿ ಗೊತ್ತಿದ್ದವರಿಗೆ ಇದು ನಗುವ ವಿಷಯ ಅಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎನ್ನುವುದು ಆ ಲೆಕ್ಕದ ಮೇಲೆ ನಿಲ್ಲುತ್ತದೆ. ಕನ್ನಡ ಡಿವಿಷನ್ನಿನಲ್ಲಿ ಒಂದೆರಡು ಮಕ್ಕಳು ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ. ಹಾಗಿರುವಾಗ ನಮ್ಮ ಪುಟವೇ ಮನೆಮನೆಗೆ ಹೋಗಿ "ಇಲ್ಲಿ ಕನ್ನಡ ಇಲ್ಲ" ಎಂದು ಹೇಳುತ್ತಿತ್ತು!

ತಪ್ಪು ಯಾರದ್ದು? ನಮ್ಮದೇ. ಪುಟವನ್ನು ತುಂಬ ಹಿಂದೆ ನಾವೇ ಟೇಬಲ್ಲಿನಲ್ಲಿ ಕಟ್ಟಿದ್ದು. ಒಟ್ಟು ಅಗಲ 900 ಪಿಕ್ಸೆಲ್. ಮೆನುವಿಗೆ 150, ಮಲಯಾಳಕ್ಕೆ 375, ಕನ್ನಡಕ್ಕೆ 375. ಆಗಿನ ಲ್ಯಾಬಿನ ಮಾನಿಟರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಫೋನುಗಳು ಬಂದ ಮೇಲೆ ಅಕ್ಷರ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ಯಾರೋ ದೂರಿದರು. ಆಗ ವ್ಯೂಪೋರ್ಟ್ ಎನ್ನುವ ಒಂದು ಸಾಲು ಸೇರಿಸಿದೆವು. ಅಕ್ಷರ ದೊಡ್ಡದಾಯಿತು, ಟೇಬಲ್ಲು ಮಾತ್ರ 900ರಲ್ಲೇ ಉಳಿಯಿತು. ಸಾಮಾನ್ಯ ಫೋನಿನ ಪರದೆಯ ಅಗಲ ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್ ಆಸುಪಾಸು. ಕನ್ನಡ ಶುರುವಾಗುವುದು 525ನೇ ಪಿಕ್ಸೆಲ್ಲಿನಿಂದ. ಕೂಡಿಸಿ ಕಳೆಯಲು ಬರುವ ಯಾರಿಗೂ ಮುಂದಿನದ್ದು ಅರ್ಥವಾಗುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ಐಸಿಟಿ ಕಲಿಸುವ ನಮ್ಮ ನಡುವೆ ಈಗಲೂ ಒಂದು ವಾದ ನಡೆಯುತ್ತದೆ. ಪುಟದ ವಿನ್ಯಾಸಕ್ಕೆ ಟೇಬಲ್ ಸಾಕೋ, ಸಿಎಸ್‌ಎಸ್ ಬೇಕೋ? ಟೇಬಲ್ಲಾದರೆ ಮಕ್ಕಳಿಗೆ ಬೇಗ ತಲೆಗೆ ಹೋಗುತ್ತದೆ, ಪುಟ ಚೆನ್ನಾಗಿ ಕಂಡರೆ ಸಾಕಲ್ಲ, ಸಿಎಸ್‌ಎಸ್ ಎಲ್ಲ ಕಂಪೆನಿಯವರಿಗೆ ಎನ್ನುವವರು ಇದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಐಸಿಟಿ ಅಲ್ಲದವರಿಗಾಗಿ ಎರಡು ಮಾತು. ಎಚ್‌ಟಿಎಂಎಲ್ ಎಂದರೆ ಪುಟದಲ್ಲಿ ಏನಿದೆ ಎಂದು ಹೇಳುವ ಭಾಷೆ. ಇದು ತಲೆಬರಹ, ಇದು ಪ್ಯಾರ, ಇದು ಪಟ್ಟಿ, ಇದು ಟೇಬಲ್, ಅಂದರೆ ಕೋಷ್ಟಕ. ಸಿಎಸ್‌ಎಸ್ ಎಂದರೆ ಅದು ಹೇಗೆ ಕಾಣಬೇಕು ಎಂದು ಹೇಳುವ ಭಾಷೆ. ಬಣ್ಣ, ಅಕ್ಷರದ ಗಾತ್ರ, ಯಾವುದು ಎಡಕ್ಕೆ, ಯಾವುದು ಬಲಕ್ಕೆ. ನಮ್ಮ ಕಡೆಯವರಿಗೆ ಯಕ್ಷಗಾನದ ಉದಾಹರಣೆ ಸಾಕು. ಪ್ರಸಂಗ ಒಂದೇ. ತೆಂಕುತಿಟ್ಟಿನವರು ಆಡಿದರೆ ಕಿರೀಟ, ಚೆಂಡೆ, ಕುಣಿತ ಒಂದು ರೀತಿ, ಬಡಗಿನವರು ಆಡಿದರೆ ಇನ್ನೊಂದು ರೀತಿ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಆದರೂ ಕಥೆ ನಡೆಯುತ್ತದೆ. ಪ್ರಸಂಗ ಎಚ್‌ಟಿಎಂಎಲ್, ವೇಷ ಸಿಎಸ್‌ಎಸ್. ಟೇಬಲ್ಲಿನಲ್ಲಿ ಪುಟ ಕಟ್ಟುವುದೆಂದರೆ ಕಿರೀಟವನ್ನು ಪ್ರಸಂಗದ ಪುಸ್ತಕಕ್ಕೇ ಅಂಟಿಸಿದ ಹಾಗೆ. ಆಮೇಲೆ ಆ ಪುಸ್ತಕದಿಂದ ತಾಳಮದ್ದಳೆ ಮಾಡಲಿಕ್ಕೆ ಆಗುವುದಿಲ್ಲ.

ಹಾಗಾದರೆ ಟೇಬಲ್ಲಿನಲ್ಲಿ ಪುಟ ಕಟ್ಟಿದವರೆಲ್ಲ ದಡ್ಡರೇ? ಖಂಡಿತ ಅಲ್ಲ ಮಾರಾಯ್ರೆ. ಅವರಿಗೆ ಬೇರೆ ದಾರಿ ಇರಲಿಲ್ಲ.

ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ 1989ರಲ್ಲಿ ವೆಬ್ಬಿನ ಯೋಚನೆ ಮುಂದಿಟ್ಟದ್ದು ವಿಜ್ಞಾನಿಗಳು ಬರಹಗಳನ್ನು ಹಂಚಿಕೊಳ್ಳಲಿ ಎಂದು. ಅದರಲ್ಲಿ ವಿನ್ಯಾಸದ ಮಾತೇ ಇರಲಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆ ಟೇಬಲ್ ಬಂತು, ಅಂಕಿ ಅಂಶ ತೋರಿಸಲಿಕ್ಕೆ. ಅದರ ಗೆರೆಯ ದಪ್ಪವನ್ನು ಸೊನ್ನೆ ಮಾಡಿದರೆ ಪುಟವನ್ನು ಬೇಕಾದ ಹಾಗೆ ಭಾಗ ಮಾಡಬಹುದು ಎಂದು ಜನ ಕಂಡುಕೊಂಡರು. 1996ರಲ್ಲಿ ಡೇವಿಡ್ ಸೀಗಲ್ ಎಂಬಾತ ಬರೆದ ಪುಸ್ತಕ ಈ ಉಪಾಯವನ್ನು ಎಲ್ಲ ಕಡೆ ಹಬ್ಬಿಸಿತು. ಜಾಗ ಹಿಡಿಯಲು ಒಂದು ಪಿಕ್ಸೆಲ್ಲಿನ ಕಣ್ಣಿಗೆ ಕಾಣದ ಚಿತ್ರ ತುರುಕುವ ಉಪಾಯವೂ ಅದರಲ್ಲಿತ್ತು. ಮರುವರ್ಷ, 1997ರಲ್ಲಿ, ವೆಬ್ ಹಾಳಾಗಿದೆ, ಹಾಳು ಮಾಡಿದವನು ನಾನೇ ಎಂಬ ಅರ್ಥದ ಲೇಖನವನ್ನೂ ಅದೇ ಸೀಗಲ್ ಬರೆದ! ತಪ್ಪನ್ನು ಇಷ್ಟು ಬೇಗ ಒಪ್ಪಿಕೊಂಡವರು ಕಡಿಮೆ.

ಸಿಎಸ್‌ಎಸ್ ಆಗ ಇರಲಿಲ್ಲವೇ ಎಂದರೆ, ಇತ್ತು, ಆದರೆ ಕಾಗದದ ಮೇಲೆ. ಹೋಕೊನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ ಅದರ ಪ್ರಸ್ತಾಪ ಇಟ್ಟ. ಬರ್ಟ್ ಬೋಸ್ ಜೊತೆಗೂಡಿದ. 1996ರ ಡಿಸೆಂಬರ್ 17ರಂದು ಡಬ್ಲ್ಯುತ್ರೀಸಿ ಮೊದಲ ಸಿಎಸ್‌ಎಸ್ ಪ್ರಮಾಣವನ್ನು ಪ್ರಕಟಿಸಿತು. ಬ್ರೌಸರುಗಳು ಮಾತ್ರ ಅದನ್ನು ಒಂದೊಂದು ಒಂದೊಂದು ರೀತಿ ಓದುತ್ತಿದ್ದವು. ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಒಂದು ಪೆಟ್ಟಿಗೆಯ ಅಗಲವನ್ನು ಲೆಕ್ಕ ಹಾಕುವುದೇ ಬೇರೆ ರೀತಿ. ನೆಟ್‌ಸ್ಕೇಪಿನಲ್ಲಿ ಸರಿ ಮಾಡಿದರೆ ಇದರಲ್ಲಿ ಕೆಟ್ಟುಹೋಗುತ್ತಿತ್ತು. 2002ರಲ್ಲಿ ವೈರ್ಡ್ ನ್ಯೂಸ್ ತಾಣ ಟೇಬಲ್ಲುಗಳನ್ನು ಬಿಟ್ಟು ಸಿಎಸ್‌ಎಸ್‌ಗೆ ಬಂದಾಗ ಅದು ದೊಡ್ಡ ಸುದ್ದಿ. 2003ರಲ್ಲಿ ಡೇವ್ ಶೇ ಎಂಬ ವಿನ್ಯಾಸಕಾರ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ತಾಣ ಮಾಡಿದ. ಅಲ್ಲಿ ಎಚ್‌ಟಿಎಂಎಲ್ ಒಂದೇ. ಬೇರೆ ಬೇರೆಯವರು ಸಿಎಸ್‌ಎಸ್ ಮಾತ್ರ ಬರೆದು ಕಳಿಸುತ್ತಿದ್ದರು, ಪುಟ ಪ್ರತಿ ಸಲ ಬೇರೆಯೇ ಕಾಣುತ್ತಿತ್ತು. ಒಂದೇ ಪ್ರಸಂಗ, ನೂರು ಮೇಳ.

ಆದರೂ ಸತ್ಯ ಹೇಳಬೇಕು. ಆ ಕಾಲದ ಸಿಎಸ್‌ಎಸ್‌ನಲ್ಲಿ ಎರಡು ಕಂಬಸಾಲುಗಳನ್ನು ಪಕ್ಕಪಕ್ಕ ನಿಲ್ಲಿಸಲು ಫ್ಲೋಟ್ ಎನ್ನುವುದನ್ನು ಬಳಸುತ್ತಿದ್ದರು. ಫ್ಲೋಟ್ ಇದ್ದದ್ದು ಚಿತ್ರದ ಸುತ್ತ ಅಕ್ಷರ ಹರಿಯಲಿ ಎಂದು. ಅಂದರೆ ಅದೂ ಟೇಬಲ್ಲಿನ ಹಾಗೆ ಒಂದರ ಕೆಲಸಕ್ಕೆ ಇನ್ನೊಂದನ್ನು ಹಿಡಿದು ತಂದದ್ದೇ. ಎರಡು ಕಂಬಸಾಲುಗಳ ಎತ್ತರ ಸಮ ಮಾಡಲು ಪಡಬಾರದ ಪಾಡು. ಟೇಬಲ್ಲಿನಲ್ಲಿ ಅದು ತಾನಾಗಿಯೇ ಬರುತ್ತಿತ್ತು. ಹಾಗಾಗಿ ಆಗ "ನನಗೆ ಟೇಬಲ್ಲೇ ಸಾಕು" ಎಂದ ಅಧ್ಯಾಪಕರ ಮೇಲೆ ನನಗೆ ಕೋಪ ಇಲ್ಲ. ಆ ನೆಪ ಮುಗಿದದ್ದು 2017ರ ಮಾರ್ಚಿನಲ್ಲಿ. ಆ ಒಂದೇ ತಿಂಗಳು ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಸಿಎಸ್‌ಎಸ್ ಗ್ರಿಡ್ ಬಂತು. ಅಡ್ಡಸಾಲು, ಕಂಬಸಾಲು ಎಂದು ಯೋಚಿಸುವ ಟೇಬಲ್ಲಿನ ಸುಖ ಅದರಲ್ಲಿದೆ, ಆದರೆ ವೇಷದ ಪೆಟ್ಟಿಗೆಯೊಳಗೆ. ಟೇಬಲ್ ಬಲ್ಲ ಮಗು ಗ್ರಿಡ್ಡನ್ನು ಎರಡು ಪೀರಿಯಡ್ಡಿನಲ್ಲಿ ಕಲಿಯುತ್ತದೆ. ಕಲಿಸಿ ನೋಡಿಯೇ ಹೇಳುತ್ತಿದ್ದೇನೆ.

ಕನ್ನಡದವರಾದ ನಮಗೆ ಟೇಬಲ್ಲಿನ ವಿನ್ಯಾಸ ಇಂಗ್ಲಿಷಿನವರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಂದು ಖಾನೆ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗುವುದಿಲ್ಲ. ಇಂಗ್ಲಿಷಿನ ಪದಗಳು ಚಿಕ್ಕ ಚಿಕ್ಕವು. ನಮ್ಮಲ್ಲಿ "ವಿದ್ಯಾರ್ಥಿವೇತನಕ್ಕಾಗಿ", "ರಕ್ಷಕಶಿಕ್ಷಕಸಂಘದವರೊಂದಿಗೆ" ಎಂದೆಲ್ಲ ಒಂದೇ ಪದವಾಗಿ ಬರುತ್ತದೆ. ಮಲಯಾಳವೂ ಇದರಲ್ಲಿ ನಮಗೆ ಕಡಿಮೆ ಇಲ್ಲ. ಅಂಥ ಒಂದು ಪದ ಬಂದರೆ ಖಾನೆ ಹಿಗ್ಗಿ ಪಕ್ಕದ ಖಾನೆಯನ್ನು ನೂಕುತ್ತದೆ, ಇಲ್ಲವೇ ಇಡೀ ಟೇಬಲ್ಲು ಪರದೆಯಿಂದ ಆಚೆ ಹೋಗುತ್ತದೆ. ಇನ್ನೊಂದು ಸಂಗತಿ ಫಾಂಟಿನದ್ದು. ಕನ್ನಡದ ಅಕ್ಷರ ಒಂದು ಕಂಪ್ಯೂಟರಿನಲ್ಲಿ ಒಂದು ಫಾಂಟಿನಲ್ಲಿ, ಇನ್ನೊಂದರಲ್ಲಿ ಇನ್ನೊಂದರಲ್ಲಿ ಕಾಣುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಬೇರೆ ಬೇರೆ. ಹಿಂದೆ ಬ್ಯಾನರ್ ಚಿತ್ರವನ್ನು ತುಂಡು ಮಾಡಿ ಖಾನೆಗಳಲ್ಲಿ ಜೋಡಿಸುತ್ತಿದ್ದರಲ್ಲ, ಅಕ್ಷರ ಸ್ವಲ್ಪ ದೊಡ್ಡದಾದರೆ ಸಾಕು, ಶಾಲೆಯ ಕಟ್ಟಡವೇ ನಡುವೆ ಬಿರುಕು ಬಿಡುತ್ತಿತ್ತು! ಯುನಿಕೋಡಿಗೆ ಮೊದಲಿನ ಫಾಂಟಿನ ಹೆಸರನ್ನು ಪ್ರತಿ ಖಾನೆಯಲ್ಲಿ ಬರೆದಿಟ್ಟವರು ಆಮೇಲೆ ಪ್ರತಿ ಖಾನೆಯಲ್ಲಿ ಅದನ್ನು ತೆಗೆಯಬೇಕಾಯಿತು. ಸಿಎಸ್‌ಎಸ್‌ನಲ್ಲಾದರೆ ಫಾಂಟ್, ಗಾತ್ರ, ಸಾಲಿನ ಎತ್ತರ ಎಲ್ಲ ಒಂದೇ ಕಡೆ ಬರೆಯುವುದು, ಒಂದೇ ಕಡೆ ತಿದ್ದುವುದು.

ಇನ್ನು ನೋಡದೆ ಕೇಳುವವರ ವಿಷಯ. ನಮ್ಮ ಹಳೆ ವಿದ್ಯಾರ್ಥಿ ಒಬ್ಬರಿದ್ದಾರೆ, ಕಣ್ಣು ಕಾಣಿಸುವುದಿಲ್ಲ. ಎನ್‌ವಿಡಿಎ ಎಂಬ ತಂತ್ರಾಂಶದಿಂದ ಪುಟಗಳನ್ನು ಓದಿಸಿ ಕೇಳುತ್ತಾರೆ. ಫೋನಿನ ಗಲಾಟೆಯ ನಂತರ ಅವರಲ್ಲಿ ನಮ್ಮ ಪುಟದ ಬಗ್ಗೆ ಕೇಳಿದೆ. ನಾವು ಕನ್ನಡ, ಮಲಯಾಳ ಎರಡೂ ಎದುರುಬದುರು ಸಮನಾಗಿ ನಿಲ್ಲಲಿ ಎಂದು ಒಂದೊಂದು ಪ್ಯಾರಕ್ಕೆ ಒಂದೊಂದು ಅಡ್ಡಸಾಲು ಮಾಡಿದ್ದೆವು. ಕಣ್ಣಿಗೆ ಅದು ಚೆಂದ. ಓದುವ ತಂತ್ರಾಂಶ ಅಡ್ಡಸಾಲಿನಲ್ಲಿ ಹೋಗುತ್ತದೆ. ಮಲಯಾಳದ ಒಂದು ಪ್ಯಾರ, ಕನ್ನಡದ ಒಂದು ಪ್ಯಾರ, ಮತ್ತೆ ಮಲಯಾಳ. "ಟೀಚರ್, ಮಂಗಳೂರು ಆಕಾಶವಾಣಿ ಕೇಳುವಾಗ ಮಧ್ಯೆ ಮಧ್ಯೆ ಕಣ್ಣೂರು ಸ್ಟೇಷನ್ ಬಂದ ಹಾಗೆ ಆಗ್ತದೆ" ಅಂದರು. ಅಷ್ಟು ವರ್ಷ ಅವರು ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸಾಲು ಸಾಲಾಗಿ ಓದಿದಾಗ ಅರ್ಥ ಆಗದಿದ್ದರೆ ವಿನ್ಯಾಸಕ್ಕೆ ಟೇಬಲ್ ಬಳಸಬೇಡಿ ಎಂದು ಡಬ್ಲ್ಯುತ್ರೀಸಿ 1999ರ ತನ್ನ ಮಾರ್ಗಸೂಚಿಯಲ್ಲೇ ಹೇಳಿತ್ತು. ನಾವು ಅದನ್ನು ಓದಿದ್ದು ತೊಂದರೆಯಾದ ಮೇಲೆ.

ಈಗ ಇನ್ನೊಂದು ಬದಿಗೆ ಬರುತ್ತೇನೆ. ಟೇಬಲ್ ಬೇಡ ಎಂದು ಹೇಳಿಕೊಟ್ಟರೆ ಮಕ್ಕಳು ಅದನ್ನು ಪೂರ್ತಿ ಬಿಟ್ಟೇಬಿಡುತ್ತಾರೆ. ಒಮ್ಮೆ ತರಗತಿಯಲ್ಲಿ ಟೈಮ್‌ಟೇಬಲ್ ಹಾಕಲು ಹೇಳಿದೆ. ಒಬ್ಬ ಹುಡುಗ ನಲವತ್ತು ಡಿವ್‌ಗಳನ್ನು ಜೋಡಿಸಿ ತಂದ. ಟೇಬಲ್ ಯಾಕೆ ಬಳಸಲಿಲ್ಲ ಎಂದರೆ, "ಟೇಬಲ್ ಹಾಕಿದರೆ ಮಾರ್ಕು ಕಟ್ಟಾಗ್ತದಲ್ಲ ಟೀಚರ್?" ಅಂದ. ತಪ್ಪು ಅವನದ್ದಲ್ಲ, ಅರ್ಧ ಪಾಠ ಹೇಳಿದ ನನ್ನದು.

ಟೈಮ್‌ಟೇಬಲ್ಲು ನಿಜವಾದ ಟೇಬಲ್. ಪರೀಕ್ಷೆಯ ಅಂಕಪಟ್ಟಿ, ಮಧ್ಯಾಹ್ನದ ಊಟದ ವಾರದ ಪಟ್ಟಿ, ಶಾಲಾ ಬಸ್ಸಿನ ಸಮಯ, ಕಲೋತ್ಸವದ ಫಲಿತಾಂಶ, ಇವೆಲ್ಲ ಟೇಬಲ್ಲಿಗೇ ಸೇರಿದ್ದು. ಅಲ್ಲಿ ಒಂದು ಖಾನೆಯ ಅರ್ಥ ಅದರ ಮೇಲಿನ ಮತ್ತು ಎಡಗಡೆಯ ಶೀರ್ಷಿಕೆಗಳಿಂದ ಬರುತ್ತದೆ. ಶೀರ್ಷಿಕೆಯ ಖಾನೆಗಳಿಗೆ ಟಿಡಿ ಬದಲು ಟಿಎಚ್ ಬಳಸಿ, ಮೇಲೆ ಒಂದು ಕ್ಯಾಪ್ಶನ್ ಕೊಟ್ಟರೆ, ಕೇಳುವವರಿಗೆ "ಸೋಮವಾರ, ಮೂರನೇ ಪೀರಿಯಡ್, ಗಣಿತ" ಎಂದು ಸರಿಯಾಗಿ ಕೇಳಿಸುತ್ತದೆ. ಡಿವ್‌ಗಳಲ್ಲಿ ಜೋಡಿಸಿದ ಟೈಮ್‌ಟೇಬಲ್ಲಿನಲ್ಲಿ "ಗಣಿತ ಕನ್ನಡ ಹಿಂದಿ ಗಣಿತ ವಿಜ್ಞಾನ" ಎಂದು ಬರೀ ಮಂತ್ರ. ನಾನು ಮಕ್ಕಳಿಗೆ ಈಗ ಹೇಳಿಕೊಡುವ ಪರೀಕ್ಷೆ ಸುಲಭದ್ದು. ಈ ಕೋಷ್ಟಕಕ್ಕೆ ಮೇಲೊಂದು, ಎಡಕ್ಕೊಂದು ಶೀರ್ಷಿಕೆ ಬರೆಯಲು ಬರುತ್ತದೋ? ಬಂದರೆ ಟೇಬಲ್ ಹಾಕಿ. ಮೆನುವಿಗೂ ನೋಟೀಸಿಗೂ ಶಾಲೆಯ ಫೋಟೋಕ್ಕೂ ಸೇರಿಸಿ ಏನು ಶೀರ್ಷಿಕೆ ಬರೆಯುತ್ತೀರಿ? ಬರುವುದಿಲ್ಲ. ಹಾಗಾದರೆ ಅದು ಸಿಎಸ್‌ಎಸ್‌ನ ಕೆಲಸ.

ವಿನ್ಯಾಸಕ್ಕೆ ಟೇಬಲ್ ಬಳಸುವುದು ಬಹಳ ಕಾಲ ಅನಿವಾರ್ಯವಾಗಿ ಉಳಿದದ್ದು ಮಿಂಚಂಚೆಯಲ್ಲಿ. 2007ರ ಔಟ್‌ಲುಕ್ ಮಿಂಚಂಚೆಯ ಪುಟಗಳನ್ನು ತೋರಿಸಲು ಬ್ರೌಸರಿನ ಬದಲು ವರ್ಡನ್ನು ನಂಬಿಕೊಂಡಿತು. ಹಾಗಾಗಿ ಕಂಪೆನಿಗಳ ಅಲಂಕಾರದ ಮಿಂಚಂಚೆಗಳಲ್ಲಿ ಟೇಬಲ್ಲು ಮುಂದುವರಿಯಿತು. ನಮ್ಮ ಶಾಲೆಗಳಿಗೆ ಅದು ಅಷ್ಟು ಸಂಬಂಧ ಇಲ್ಲದ ವಿಷಯ.

ಕೇಳಿಬರುವ ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ.

ಮೊದಲನೆಯದ್ದು, "ಈಗೆಲ್ಲ ವಾಟ್ಸಾಪ್, ಶಾಲೆಯ ಪುಟ ಯಾರು ನೋಡುತ್ತಾರೆ?" ಶಾಲೆಯ ಗ್ರೂಪಿನಲ್ಲಿ ಇರುವವರು ಈಗಾಗಲೇ ನಮ್ಮವರು. ಹೊಸದಾಗಿ ಸೇರಿಸುವ ತಂದೆತಾಯಿ ಗ್ರೂಪಿನಲ್ಲಿ ಇರುವುದಿಲ್ಲ. ಅವರು ಶಾಲೆಯ ಹೆಸರು ಹುಡುಕುತ್ತಾರೆ, ಪುಟ ಸಿಗುತ್ತದೆ. ವಾಟ್ಸಾಪಿನಲ್ಲಿ ನಾವು ನೋಟೀಸನ್ನು ಚಿತ್ರ ಮಾಡಿ ಕಳಿಸುತ್ತೇವಲ್ಲ, ಅದೂ ಅಕ್ಷರವನ್ನು ಒಂದು ಚೌಕಟ್ಟಿಗೆ ಅಂಟಿಸಿದ್ದೇ. ಜೊತೆಗೆ ನಾಲ್ಕು ಸಾಲು ಅಕ್ಷರದಲ್ಲೂ ಬರೆದು ಕಳಿಸಿದರೆ ಕೇಳುವವರಿಗೂ ಸಿಕ್ಕೀತು.

ಎರಡನೆಯದ್ದು, "ನಾವು ಬ್ಲಾಗರ್ ಬಳಸುವುದು, ಥೀಮ್ ರೆಡಿ ಇರುತ್ತದೆ, ನಮಗೆ ಇದೆಲ್ಲ ಯಾಕೆ?" ಥೀಮ್ ಸರಿಯೇ ಇರಬಹುದು. ನೀವು ವರ್ಡಿನಲ್ಲೋ ರೈಟರಿನಲ್ಲೋ ಟೈಪು ಮಾಡಿದ ಎರಡು ಕಂಬಸಾಲಿನ ಸುತ್ತೋಲೆಯನ್ನು ಹಾಗೇ ತಂದು ಅಂಟಿಸಿದರೆ ಅಗಲ ನಿಗದಿಯಾದ ಟೇಬಲ್ಲೂ ಅದರ ಜೊತೆಗೆ ಒಳಗೆ ಬರುತ್ತದೆ. ಬರಹವನ್ನು ಮಾತ್ರ ಅಂಟಿಸಿ, ವಿನ್ಯಾಸವನ್ನು ಥೀಮಿಗೆ ಬಿಡಿ.

ಮೂರನೆಯದ್ದು, "ಇರುವುದು ನಡೆಯುತ್ತದೆ, ಮುಟ್ಟುವುದು ಯಾಕೆ? ಸಮಯ ಎಲ್ಲಿದೆ?" ನಮಗೆ ಹಿಡಿದದ್ದು ಒಂದು ಶನಿವಾರ, ಹತ್ತನೇ ತರಗತಿಯ ನಾಲ್ಕು ಮಕ್ಕಳ ಜೊತೆ. ಮೊದಲು ಟೇಬಲ್ಲುಗಳನ್ನೆಲ್ಲ ಕಿತ್ತು ಪ್ರಸಂಗ ಮಾತ್ರ ಉಳಿಸಿದೆವು. ಶಾಲೆಯ ಹೆಸರು, ಕನ್ನಡದ ನೋಟೀಸು ಒಂದು ಭಾಗ, ಮಲಯಾಳದ ನೋಟೀಸು ಇನ್ನೊಂದು ಭಾಗ, ಕೊನೆಗೆ ಮೆನು. ಎರಡು ಭಾಗಗಳಿಗೂ ಇದು ಯಾವ ಭಾಷೆ ಎಂದು ಸೂಚನೆ ಕೊಟ್ಟೆವು, ಓದುವ ತಂತ್ರಾಂಶ ಸರಿಯಾದ ಧ್ವನಿ ಹಿಡಿಯಲಿ ಎಂದು. ಆಮೇಲೆ ಸಿಎಸ್‌ಎಸ್ ಬರೆದೆವು. ಪರದೆ ಕಿರಿದಾಗಿದ್ದರೆ ಎಲ್ಲವೂ ಒಂದರ ಕೆಳಗೆ ಒಂದು. ಅಗಲ 700 ಪಿಕ್ಸೆಲ್ ದಾಟಿದರೆ ಮಾತ್ರ ಗ್ರಿಡ್ಡಿನಲ್ಲಿ ಎರಡು ಭಾಷೆ ಪಕ್ಕಪಕ್ಕ. ಸಿಎಸ್‌ಎಸ್ ಒಟ್ಟು ನಲವತ್ತು ಸಾಲು ಆಗಿರಬಹುದು.

ಒಂದು ಪ್ರಶ್ನೆಗೆ ಮಾತ್ರ ಸಿಎಸ್‌ಎಸ್‌ನಲ್ಲಿ ಉತ್ತರ ಇರಲಿಲ್ಲ. ಫೋನಿನಲ್ಲಿ ಒಂದರ ಕೆಳಗೆ ಒಂದು ಬರುವಾಗ ಯಾವ ಭಾಷೆ ಮೇಲೆ? ಪಕ್ಕಪಕ್ಕ ಇದ್ದಾಗ ಯಾರೂ ಕೇಳದ ಪ್ರಶ್ನೆ ಇದು. ಸ್ಟಾಫ್ ಮೀಟಿಂಗಿನಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಮಲಯಾಳ ವಿಭಾಗದ ಟೀಚರೊಬ್ಬರೇ ದಾರಿ ಹೇಳಿದರು. ಪುಟದ ತಲೆಯಲ್ಲೇ "ಕನ್ನಡ", "ಮಲಯಾಳ" ಎಂದು ಎರಡು ಕೊಂಡಿ ಹಾಕೋಣ, ಬೇಕಾದವರು ಬೇಕಾದ್ದಕ್ಕೆ ಹೋಗಲಿ, ಯಾರದ್ದೂ ಮರೆಯಾಗುವುದು ಬೇಡ ಅಂದರು. ಹಾಗೇ ಮಾಡಿದೆವು. ಈಗ ಫೋನಿನಲ್ಲಿ ಪುಟ ತೆರೆದ ತಕ್ಷಣ ಎರಡು ಭಾಷೆಯ ಹೆಸರೂ ಕಾಣುತ್ತವೆ.

ಇದನ್ನು ಓದಿದ ಅಧ್ಯಾಪಕ ಬಂಧುಗಳಲ್ಲಿ, ಪಿಟಿಎಯವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಶಾಲೆಯ ಪುಟವನ್ನು ಇವತ್ತೇ ಒಂದು ಸಾಮಾನ್ಯ ಫೋನಿನಲ್ಲಿ ತೆರೆಯಿರಿ, ಎಳೆಯದೆ, ಹಿಗ್ಗಿಸದೆ ನೋಡಿ. ಆಮೇಲೆ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ವ್ಯೂ ಮೆನುವಿನಿಂದ ಪೇಜ್ ಸ್ಟೈಲ್, ನೋ ಸ್ಟೈಲ್ ಆರಿಸಿ ಮೇಲಿನಿಂದ ಕೆಳಗೆ ಓದಿ. ವೇಷ ಕಳಚಿದ ಮೇಲೂ ಕಥೆ ಅರ್ಥವಾದರೆ ನಿಮ್ಮ ಪುಟ ತಾಳಮದ್ದಳೆಯಲ್ಲಿ ಪಾಸು. ಅರ್ಥ ಆಗದಿದ್ದರೆ ಒಂದು ಶನಿವಾರ ತೆಗೆದಿಡಿ.

ಅಂದ ಹಾಗೆ, ಆ ತಾಯಿ ಮರುದಿನವೇ ಬಂದು ಮಗುವನ್ನು ಒಂದನೇ ತರಗತಿಗೆ ಸೇರಿಸಿದರು. ಅವರು ಫೋನ್ ಮಾಡಿ ಕೇಳಿದರು, ಹಾಗಾಗಿ ನಮಗೆ ಗೊತ್ತಾಯಿತು. ಕನ್ನಡ ಇಲ್ಲವೆಂದು ತಿಳಿದು, ಕೇಳದೆ ಬೇರೆ ಕಡೆಗೆ ಹೋದವರು ಎಷ್ಟು ಮಂದಿಯೋ, ಆ ಲೆಕ್ಕ ಯಾವ ಟೇಬಲ್ಲಿನಲ್ಲೂ ಇಲ್ಲ.